ತೌಡಪ್ಪ ಮಾರಿದ ಮನೆ

ನನ್ನ ಅಕ್ಕ ತನ್ನ ಜೀವಮಾನದಲ್ಲಿ ಮಾಡಿದ್ದು ಎರಡೇ ವ್ಯಾಪಾರ. ಮೊದಲು ಒಂದು ಮೊರ ತೌಡು ಕೊಟ್ಟು ಕೂಸೊಂದನ್ನು ಕೊಂಡಳು. ಆಮೇಲೆ ಕೊರಳ ಬಂಗಾರ ಬಿಚ್ಚಿಕೊಟ್ಟು ಮನೆ ಕೊಂಡಳು. ಎರಡನ್ನೂ ಕೊಂಡದ್ದು ಒಂದೇ ಮನೆತನದವರಿಂದ. ಕೂಸಿನ ವ್ಯಾಪಾರಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಮನೆಯ ವ್ಯಾಪಾರಕ್ಕೆ ಮುದ್ರೆ ಒತ್ತಿದ ಕ್ರಯಪತ್ರವಿತ್ತು. ಆದರೂ ಬಳ್ಳಾರಿಯ ಮುನ್ಸೀಫ್ ಕೋರ್ಟಿನಲ್ಲಿ ವಕೀಲರು ಎರಡನ್ನೂ ಎಳೆದಾಡಿದರು. ನಾನು ಚನ್ನವೀರಮ್ಮ, ಅವಳ ತಂಗಿ. ಕೋರ್ಟಿಗೆ ಅವಳ ಜೊತೆ ಹೋಗಿ ಬಂದವಳು. ಅಕ್ಕನಿಗೆ ಸಿಟ್ಟು ಅನ್ನುವುದೇ ಬರುತ್ತಿರಲಿಲ್ಲ. ಅವಳ ಪಾಲಿನದ್ದೂ ನನಗೇ ಬಂದಿದೆ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನಮ್ಮ ತವರು ತೆಕ್ಕಲಕೋಟೆ. ಅಕ್ಕ ಅಕ್ಕನಾಗಮ್ಮನನ್ನು ಕೊಟ್ಟದ್ದು ಕುರುಗೋಡಿಗೆ. ಅವಳಿಗೆ ಮೊದಲು ಗಂಡು ಹುಟ್ಟಿತು, ದೊಡ್ಡಬಸವ. ಆಮೇಲೆ ತವರಿಗೆ ಬಂದು ಒಂದು ಹೆಣ್ಣು ಹೆತ್ತಳು. ಎರಡೂ ಗುಂಡುಕಲ್ಲಿನ ಹಾಗೆ ಇದ್ದವು. ಕುರುಗೋಡಿನಲ್ಲಿ ಅವಳ ಪಕ್ಕದ ಮನೆಯ ವೀರಭದ್ರಮ್ಮನದು ಬೇರೆ ಕಥೆ. ಅವಳಿಗೆ ಹುಟ್ಟಿದ ಕೂಸು ಒಂದೂ ದಕ್ಕುತ್ತಿರಲಿಲ್ಲ. ಒಂದು ಗಂಡು ಚೆನ್ನಾಗಿಯೇ ಬೆಳೆಯುತ್ತಿತ್ತು, ಅದೂ ಅವಳ ತವರು ಹಚ್ಚೊಳ್ಳಿಗೆ ಹೋದಾಗ ಜ್ವರ ಬಂದು ಅಲ್ಲೇ ಹೋಯಿತು. ಮತ್ತೊಂದು ಗಂಡು ಹುಟ್ಟಿದಾಗ ಊರ ಹಿರಿಯರು ಹೇಳಿದರು, ಇದನ್ನು ಮಾರಿಬಿಡು.

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉಪಾಯ. ಕೂಸು ಈ ತಾಯಿಯದಲ್ಲ ಎಂದು ಸಾವಿಗೆ ಮೋಸ ಮಾಡುವುದು. ಕೊಳ್ಳುವವಳು ಮಕ್ಕಳು ಬದುಕಿರುವ ತಾಯಿಯಾಗಿರಬೇಕು. ಅಕ್ಕನನ್ನು ಕರೆದರು. ವೀರಭದ್ರಮ್ಮ ಕೂಸನ್ನು ಮೊರದಲ್ಲಿ ಮಲಗಿಸಿಕೊಂಡು ಹೊಸ್ತಿಲ ಒಳಗೆ ನಿಂತಳು, ಅಕ್ಕ ಹೊರಗೆ ನಿಂತಳು.

‘ಈ ಕೂಸು ನನಗ ಬ್ಯಾಡ, ಮಾರ್ತೀನಿ. ಯಾರರ ತಗೊಂತೀರೇನು?’

‘ನಾ ತಗೊಂತೀನಿ. ಏನು ಕೊಡ್ಲಿ?’

‘ಒಂದು ಮೊರ ತೌಡು ಕೊಡು, ಸಾಕು.’

ತೌಡು ಆ ಕಡೆ ಹೋಯಿತು, ಕೂಸು ಈ ಕಡೆ ಬಂತು. ಅಕ್ಕ ಅದನ್ನು ತನ್ನ ಮನೆಗೆ ತಂದು ಒಂದು ದಿನ ಇಟ್ಟುಕೊಂಡು, ‘ನನ್ನ ಮಗನ್ನ ಸಾಕಾಕ ಕೊಡ್ತೀನಿ’ ಎಂದು ಸಂಜೆ ವೀರಭದ್ರಮ್ಮನ ಮಡಿಲಿಗೇ ಹಾಕಿದಳು. ಮಠದವರು ಇಟ್ಟ ಹೆಸರು ಎರ್ರಿಸ್ವಾಮಿ. ಕರೆದದ್ದು ಮಾತ್ರ ತೌಡಪ್ಪ ಎಂದೇ. ಅವನು ಅಕ್ಕನನ್ನು ‘ಅವ್ವ’ ಅಂದ, ಹೆತ್ತವಳನ್ನು ‘ಚಿಕ್ಕವ್ವ’ ಅಂದ.

ತೌಡಪ್ಪ ದಕ್ಕಿದ. ಅವನು ನಡೆಯಲು ಕಲಿತ ಮೇಲೆ ಕುರುಗೋಡಿಗೆ ವಾಂತಿಭೇದಿ ಬಂತು. ಅಕ್ಕನ ಗಂಡ, ದೊಡ್ಡಬಸವ, ಇಬ್ಬರೂ ಹೋದರು. ಹುಡುಗಿಯಾದರೂ ಉಳಿಯಲಿ ಎಂದು ಅವಳನ್ನು ಮೊದಲೇ ತೆಕ್ಕಲಕೋಟೆಗೆ, ನಮ್ಮ ಹತ್ತಿರ ಕಳಿಸಿದ್ದರು. ರೋಗ ಅವಳ ಹಿಂದೆಯೇ ಬಂತು. ಹುಡುಗಿ ನನ್ನ ತೊಡೆಯ ಮೇಲೆ ಸತ್ತಳು. ನನಗಿನ್ನೂ ಮದುವೆಯಾಗಿರಲಿಲ್ಲ. ಅವಳು ಹುಟ್ಟಿದ್ದನ್ನೇ ಬರೆಸದ ನಮ್ಮಪ್ಪ ಆ ಗಲಾಟೆಯಲ್ಲಿ ಸತ್ತದ್ದನ್ನೂ ಬರೆಸಲಿಲ್ಲ. ಹೆಣ್ಣು ಕೂಸಿನದ್ದು ಯಾರು ಬರೆಸುತ್ತಿದ್ದರು?

ಅಕ್ಕ ಅಳಲಿಲ್ಲ. ಮೊದಮೊದಲು ನಾವು, ಆಘಾತವಾಗಿದೆ, ಆಮೇಲೆ ಅಳುತ್ತಾಳೆ ಅಂದುಕೊಂಡೆವು. ಆಮೇಲೆಯೂ ಅಳಲಿಲ್ಲ. ಉಣ್ಣು ಅಂದರೆ ‘ಹ್ಞೂಂ’ ಎಂದು ಉಣ್ಣುತ್ತಿದ್ದಳು. ಮಲಗು ಅಂದರೆ ‘ಹ್ಞೂಂ’ ಎಂದು ಮಲಗುತ್ತಿದ್ದಳು. ಭಾವಂದಿರು ಹೊಲದ ಪಾಲು ಕೊಡುವುದಿಲ್ಲ ಅಂದರು, ಅದಕ್ಕೂ ‘ಹ್ಞೂಂ’. ನಾನೂ ಕುರುಗೋಡಿಗೇ ಸೊಸೆಯಾಗಿ ಹೋದ ಮೇಲೆ ಎಷ್ಟು ಸಲ ಅವಳನ್ನು ಹಿಡಿದು ಅಲ್ಲಾಡಿಸಿದ್ದೇನೋ. ‘ಏನಕ್ಕಾ, ಬಾಯಾಗ ನಾಲಿಗಿ ಐತಿಲ್ಲೋ?’ ಅಂದರೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದಳು. ಗಂಡನ ಹೆಸರು, ಮಕ್ಕಳ ಹೆಸರು ಒಮ್ಮೆಯೂ ಅವಳ ಬಾಯಿಂದ ಬರಲಿಲ್ಲ. ಅವಳೆದುರು ನಾವೂ ಎತ್ತುವುದನ್ನು ಬಿಟ್ಟೆವು. ಬಿಟ್ಟರೆ ಮರೆತೇ ಹೋಗುತ್ತದೆ. ಊರೂ ಮರೆಯಿತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ತೌಡಪ್ಪನ ಅಪ್ಪ ತೀರಿಕೊಂಡ. ವೀರಭದ್ರಮ್ಮ ಅದಕ್ಕೂ ಮುಂಚೆಯೇ ಹೋಗಿದ್ದಳು. ಕ್ರಿಯೆ ಎಲ್ಲ ಮುಗಿದ ಮೇಲೆ ಹಚ್ಚೊಳ್ಳಿಯಿಂದ ಸೋದರಮಾವ ಬಂದು, ಕುಳಿತ ಮಂದಿಯ ಎದುರಿಗೆ ತೌಡಪ್ಪನ ತಲೆಗೆ ರುಮಾಲು ಸುತ್ತಿದ. ನಮ್ಮಲ್ಲಿ ಅಪ್ಪ ಸತ್ತ ಮೇಲೆ ಮಗನಿಗೆ ರುಮಾಲು ಸುತ್ತಿದರೆ ಮುಗಿಯಿತು, ಆ ಮನೆಗೆ ಅವನೇ ಯಜಮಾನ. ಮೀಸೆ ಬಂದಿರಲಿ ಬಿಡಲಿ, ನೆಂಟಸ್ತಿಕೆಗೆ ಅವನನ್ನೇ ಕೇಳಬೇಕು, ಪಂಚಾಯಿತಿಗೆ ಅವನನ್ನೇ ಕರೆಯಬೇಕು. ರುಮಾಲು ಸುತ್ತಿದವನ ಮಾತನ್ನು ಚಿಕ್ಕ ಹುಡುಗನ ಮಾತು ಎಂದು ಯಾರೂ ತಳ್ಳಿಹಾಕುವುದಿಲ್ಲ. ತಳ್ಳಿಹಾಕಿದರೆ ಅದು ಸತ್ತವನಿಗೆ ಮಾಡಿದ ಅವಮಾನ.

ಆ ರುಮಾಲು ಸುತ್ತಿಕೊಂಡೇ ತೌಡಪ್ಪ ಅಕ್ಕನ ಹತ್ತಿರ ಬಂದ. ನಾನು ಅಲ್ಲೇ ಶೇಂಗಾ ಸುಲಿಯುತ್ತಾ ಕುಳಿತಿದ್ದೆ.

‘ಅವ್ವಾ, ನಾ ಸಿರುಗುಪ್ಪಕ್ಕ ಹೊಕ್ಕೀನಿ. ಅಲ್ಲಿ ಗಿರಣ್ಯಾಗ ಕೆಲಸ ಐತಂತ. ಈ ಮನಿ ಮಾರ್ತೀನಿ. ಬ್ಯಾರೆಯವರಿಗೆ ಯಾಕ? ನೀನ ತಗೋ. ನಿನ್ನ ಭಾವಂದಿರ ಮನ್ಯಾಗ ಎಷ್ಟು ದಿನ ಇರ್ತಿ?’

‘ಹ್ಞೂಂ’ ಅಂದಳು ಅಕ್ಕ.

ಇದು ಒಳ್ಳೆಯ ಹ್ಞೂಂ ಎಂದು ನನಗೆ ಖುಷಿಯಾಯಿತು. ಭಾವಂದಿರ ಮನೆಯಲ್ಲಿ ಅವಳ ಜಾಗ ಅಂದರೆ ಬೀಸುಕಲ್ಲಿನ ಪಕ್ಕ ಒಂದು ಚಾಪೆ. ಅವಳು ಕೊರಳ ಬಂಗಾರ ಬಿಚ್ಚಿಕೊಟ್ಟಳು. ಎಲೆ ಅಡಿಕೆ ಬದಲಾಯಿಸಿದರು. ಬಳ್ಳಾರಿಗೆ ಹೋಗಿ ಚಕ್ಕುಬಂದಿ ಸಮೇತ ಕ್ರಯಪತ್ರ ಬರೆಸಿದರು. ‘ಹುಡುಗ ವಯಸ್ಸಿಗೆ ಬಂದವನೇನ್ರಿ?’ ಎಂದು ಬರೆಯುವವರು ಕೇಳಿದರಂತೆ. ‘ರುಮಾಲು ಸುತ್ತೈತಲ್ರಿ, ಕಾಣ್ವಲ್ದೇನು?’ ಎಂದು ಸೋದರಮಾವ ಗದರಿದನಂತೆ. ಹುಡುಗನೂ ಎತ್ತರದ ಆಳು. ಯಾರೂ ಸುಳ್ಳು ಹೇಳಲಿಲ್ಲ. ನಮ್ಮ ಪಾಲಿಗೆ ಅವನು ದೊಡ್ಡವನೇ ಆಗಿದ್ದ.

ಆ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಮುಖ ಮಾಡಿತ್ತು. ಅಕ್ಕ ಮುಂದಿನ ಕಟ್ಟೆಯ ಮೇಲೆ ಒಲೆ ಹೂಡಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಲು ಶುರುಮಾಡಿದಳು. ಮಾಡು ಅಂದದ್ದು ನಾನು. ಅವಳು ಹ್ಞೂಂ ಅಂದಳು. ಕೈರುಚಿ ಚೆನ್ನಾಗಿತ್ತು. ‘ಬಜ್ಜಿ ಖಾರ, ಅಕ್ಕನಾಗಮ್ಮ ಸಪ್ಪೆ’ ಎಂದು ಬಸ್ಸಿನವರು ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಒಂದು ಕಂಡಿದ್ದೆ: ಸಂಜೆ ಒಲೆ ಆರಿಸಿದ ಮೇಲೆ ಮನೆಯ ಒಳಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದಳು. ಭಾವಂದಿರ ಮನೆಯಲ್ಲಿ ಅವಳಿಗೆ ಹಾಕಿಕೊಳ್ಳಲು ಬಾಗಿಲೇ ಇರಲಿಲ್ಲ. ಆ ಅಗಳಿಯ ಸದ್ದು ನಮ್ಮ ಮನೆಗೆ ಕೇಳಿಸಿದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ತೌಡಪ್ಪ ಸಿರುಗುಪ್ಪದಿಂದ ಬಂದಾಗೆಲ್ಲ ಅದೇ ಕಟ್ಟೆಯ ಮೇಲೆ ಕುಳಿತು ತಿಂದು ಹೋಗುತ್ತಿದ್ದ. ಮದುವೆಯಾದ, ಹೆಂಡತಿಯನ್ನೂ ಕರೆತಂದ. ಅಕ್ಕ ಅವಳಿಗೆ ಕುಪ್ಪಸದ ಕಣ ಕೊಟ್ಟು ಉಡಿ ತುಂಬಿದಳು. ಉಂಡ ಮನೆಯ ಜಂತಿ ಎಣಿಸುವವರು ಇರುತ್ತಾರೆ ಅಂತಾರಲ್ಲ, ಕಟ್ಟೆಯ ಮೇಲೆ ಕುಳಿತು ಅವನು ಜಂತಿ ಎಣಿಸುತ್ತಿದ್ದಾನೆ ಎಂದು ಯಾರಿಗೆ ಗೊತ್ತು?

ಅವನಿಗೆ ಕೆಲಸ ಕೊಟ್ಟ ಗಿರಣಿಯ ಸಾಹುಕಾರ ಕೊಟ್ಟೂರಪ್ಪ. ಅಣೆಕಟ್ಟು ಏಳುತ್ತಿತ್ತು, ಕಾಲುವೆ ನೀರು ಬರುತ್ತದೆ ಎಂದು ಸುತ್ತಲಿನ ಜಾಗದ ಮೇಲೆಲ್ಲ ಸಾಹುಕಾರರ ಕಣ್ಣು ಬಿದ್ದಿತ್ತು. ಕುರುಗೋಡಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಅಂಗಡಿ ಹಾಕಬೇಕು ಎಂದು ಕೊಟ್ಟೂರಪ್ಪನಿಗೆ ಆಸೆ. ‘ಆ ಮನಿ ನಿಂದ ಇತ್ತಲ್ಲೋ, ಮಾರಿದಾಗ ನಿನಗೆಷ್ಟು ವಯಸ್ಸು?’ ಎಂದು ತೌಡಪ್ಪನನ್ನು ಕೇಳಿದ. ಅಲ್ಲಿಂದ ಶುರುವಾಯಿತು. ತೌಡಪ್ಪ ಅದೇ ಮನೆಯನ್ನು ಎರಡನೆಯ ಸಲ, ಕೊಟ್ಟೂರಪ್ಪನಿಗೆ ಬರೆದುಕೊಟ್ಟ. ಕೊಟ್ಟೂರಪ್ಪ ಅಕ್ಕನ ಮೇಲೆ ದಾವೆ ಹಾಕಿದ. ಕೋರ್ಟಿನ ಜವಾನ ತಂದ ನೋಟೀಸನ್ನು ಅಕ್ಕ ಬಜ್ಜಿ ಕಟ್ಟುವ ಕಾಗದಗಳ ಜೊತೆಗೆ ಇಟ್ಟಿದ್ದಳು. ನಾನು ನೋಡಿ ಎತ್ತಿಕೊಳ್ಳದಿದ್ದರೆ ಅದರಲ್ಲಿ ಬಜ್ಜಿ ಕಟ್ಟಿ ಯಾರಿಗೋ ಕೊಟ್ಟಿರುತ್ತಿದ್ದಳು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನ ಗಂಡನಿಗೆ ಗುರುತಿನ ವಕೀಲರಿದ್ದರು. ಅವರ ಪಡಸಾಲೆಯಲ್ಲಿ ನಾನು, ಅಕ್ಕ ಚಾಪೆಯ ಮೇಲೆ ಕುಳಿತೆವು. ನಾನು ಕ್ರಯಪತ್ರವನ್ನು ಅವರ ಮೇಜಿನ ಮೇಲೆ ಬಡಿದು, ‘ಮುದ್ರಿ ಐತಿ, ಸಹಿ ಐತಿ, ಸಾಕ್ಷಿ ಅದಾರ. ಇನ್ನೇನ್ ಬೇಕ್ರಿ?’ ಅಂದೆ.

ವಕೀಲರು ಬೆರಳು ಮಡಿಚಿ ಹೇಳಿದರು. ‘ನೋಡಮ್ಮಾ. ಕರಾರು ನಿಲ್ಲಬೇಕಾದರೆ ಒಬ್ಬರು ಕೊಡ್ತೀನಿ ಅನ್ನಬೇಕು, ಇನ್ನೊಬ್ಬರು ತಗೊಂತೀನಿ ಅನ್ನಬೇಕು. ಅದು ಆಗಿದೆ. ಬದಲಿಗೆ ಏನಾದರೂ ಕೈ ಬದಲಾಗಬೇಕು. ಬಂಗಾರ ಬದಲಾಗಿದೆ. ಹೆದರಿಸಿ, ಮೋಸ ಮಾಡಿ ಬರೆಸಿಕೊಂಡಿರಬಾರದು. ಅದೂ ಇಲ್ಲ. ಜಾಗದ ಮಾತಾದರೆ ರಿಜಿಸ್ಟರ್ ಆಗಬೇಕು, ಆಗಿದೆ. ಆದರೆ ಇದೆಲ್ಲಕ್ಕೂ ಮೊದಲು ಇಬ್ಬರಿಗೂ ಹದಿನೆಂಟು ತುಂಬಿರಬೇಕು. ತುಂಬದಿದ್ದರೆ ಅವನು ಮೈನರು. ಮೈನರು ಮಾಡಿದ ಕರಾರು ಮುರಿದುಬಿತ್ತು ಅಂತಲ್ಲ. ಅದು ಹುಟ್ಟಲೇ ಇಲ್ಲ ಅಂತ ಕಾನೂನು.’

‘ರುಮಾಲು ಸುತ್ತಿದ್ರಲ್ರಿ!’

‘ರುಮಾಲಿಗೆ ಕೋರ್ಟಿನಲ್ಲಿ ಬೆಲೆ ಇಲ್ಲಮ್ಮಾ. ನಾನು ದೊಡ್ಡವನು ಅಂತ ಅವನೇ ಹೇಳಿಕೊಂಡಿದ್ದರೂ ಬೆಲೆ ಇಲ್ಲ.’

‘ಈಗ ದೊಡ್ಡಾವ ಆಗ್ಯಾನಲ್ಲ. ಈಗ ಬಂದು, ಹೌದು ನಾ ಮಾರೀನಿ ಅಂದ್ರ?’

‘ಹುಟ್ಟದೇ ಇರುವುದಕ್ಕೆ ಆಮೇಲೆ ಜೀವ ತುಂಬಲು ಬರುವುದಿಲ್ಲ. ಹೊಸದಾಗಿ ಬರೆದುಕೊಡಬೇಕು. ಹೊಸದಾಗಿ ಬರೆದುಕೊಟ್ಟ, ಆದರೆ ಕೊಟ್ಟೂರಪ್ಪನಿಗೆ.’

‘ಮತ್ತ ನಮ್ಮ ಬಂಗಾರ?’

‘ಕೇಳಬಹುದು. ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ.’

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಬರೆದು ಕಾನೂನು ಅಂತಾರೆ ಎಂದು ನಾನು ಬೈದೆ. ವಕೀಲರು ನಕ್ಕರು. ಆಮೇಲೆ ನಗುವುದು ಬಿಟ್ಟು, ಒಂದು ದಾರಿ ಇದೆ ಅಂದರು.

ಅವನಿಗೆ ವಯಸ್ಸು ತುಂಬಿರಲಿಲ್ಲ ಎಂದು ತೋರಿಸಬೇಕಾದ ಹೊರೆ ಕೊಟ್ಟೂರಪ್ಪನ ಮೇಲಿತ್ತು. ತೌಡಪ್ಪ ಸಾಲೆಗೆ ಹೋದವನಲ್ಲ. ಊರಿನ ಜನನದ ಲೆಕ್ಕದಲ್ಲಿ ಕೂಸಿನ ಹೆಸರು ಬರೆಯುತ್ತಿರಲಿಲ್ಲ. ಇಂಥವನಿಗೆ ಗಂಡು ಹುಟ್ಟಿತು ಎಂದಷ್ಟೇ. ಅವನ ಅಪ್ಪನ ಹೆಸರಿನಲ್ಲಿ ಎರಡು ಗಂಡು ಇದ್ದವು. ಮೊದಲನೆಯದು ಹಚ್ಚೊಳ್ಳಿಯಲ್ಲಿ ಸತ್ತ ಕೂಸು. ಅದು ಸತ್ತದ್ದು ಈ ಊರಿನ ಲೆಕ್ಕದಲ್ಲಿ ಬಂದಿರಲಿಲ್ಲ. ಎರಡನೆಯದು ತೌಡಪ್ಪ. ತೌಡಪ್ಪನೇ ಆ ಮೊದಲನೆಯ ಕೂಸು ಅಂದುಬಿಟ್ಟರೆ, ಮನೆ ಮಾರುವ ಹೊತ್ತಿಗೆ ಅವನಿಗೆ ಹದಿನೆಂಟು ದಾಟಿತ್ತು. ಹೆತ್ತವರಿಲ್ಲ, ಸೂಲಗಿತ್ತಿ ಇಲ್ಲ. ಮಾವ ಕುಡಿದು ಕುಡಿದು ಹಾಸಿಗೆ ಹಿಡಿದಿದ್ದ. ಅಕ್ಕಪಕ್ಕದವರು, ಕೋರ್ಟಿನ ಕಟ್ಟೆ ಹತ್ತುವ ಉಸಾಬರಿ ಬೇಡ ಎಂದು ತಲೆ ತಪ್ಪಿಸಿಕೊಂಡರು. ಅವನು ಹುಟ್ಟಿದ ದಿನವನ್ನು ಕಂಡವಳು ಅಕ್ಕ ಒಬ್ಬಳೇ. ತೌಡು ಕೊಟ್ಟು ಕೊಂಡವಳು.

‘ಆ ಕೂಸನ್ನು ಕೊಂಡಾಗ ನಿಮಗೆ ಎಷ್ಟು ಮಕ್ಕಳಮ್ಮಾ?’ ಎಂದು ವಕೀಲರು ಕೇಳಿದರು.

ನಾನೇ ಹೇಳಿದೆ, ‘ಒಂದು ಗಂಡು, ಒಂದು ಹೆಣ್ಣು. ಹೆಣ್ಣು ಕೈಗೂಸು.’

‘ನಿಮ್ಮ ಮಗನ ಜನನ ಲೆಕ್ಕದಲ್ಲಿದೆ. ಆ ಮೊದಲನೆಯ ಕೂಸಿನ ವಾರಿಗೆಯವನೇ. ಮಗಳದ್ದು ಎಲ್ಲೂ ಇಲ್ಲ, ಹುಟ್ಟಿದ್ದೂ ಇಲ್ಲ, ಸತ್ತದ್ದೂ ಇಲ್ಲ. ಅವಳಿದ್ದಳು ಅಂದರೆ ಕೂಸು ಆ ಮೊದಲನೆಯದಲ್ಲ, ಎರಡನೆಯದು ಎಂದು ಬಯಲಾಗುತ್ತದೆ. ಆಕೆಯ ಸುದ್ದಿ ಎತ್ತಬೇಡಿ. ಆಗ ನಿಮಗೆ ಒಬ್ಬ ಮಗ ಮಾತ್ರ ಇದ್ದ. ನಾನು ಕೇಳುತ್ತೇನೆ, ನೀವು ಹ್ಞೂಂ ಅನ್ನಿ. ಅಷ್ಟೇ.’

‘ಹ್ಞೂಂ’ ಅಂದಳು ಅಕ್ಕ.

ನನಗೆ ನೆಮ್ಮದಿಯಾಯಿತು. ಹ್ಞೂಂ ಅನ್ನುವುದರಲ್ಲಿ ನಮ್ಮಕ್ಕನನ್ನು ಮೀರಿಸುವವರು ಬಳ್ಳಾರಿ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಸುಳ್ಳಲ್ಲವೇ ಅಂತ ಕೇಳುತ್ತೀರಾ? ಸುಳ್ಳೇ. ಈಗಲೂ ಹೇಳುತ್ತೇನೆ, ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅವಳು ಬಂಗಾರ ಕೊಟ್ಟದ್ದು ಸುಳ್ಳೇ? ಅವನು ತೆಗೆದುಕೊಂಡದ್ದು ಸುಳ್ಳೇ? ಇಷ್ಟು ನಿಜದ ಮೇಲೆ ಒಂದು ಸುಳ್ಳು ಕುಳಿತರೆ ಯಾವ ದೇವರು ಕೇಳುತ್ತಾನೆ? ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಇದನ್ನೇ ಹೇಳಿದೆ. ಅಕ್ಕ ಕಿಟಕಿಯ ಹೊರಗೆ ಹತ್ತಿ ಹೊಲ ನೋಡುತ್ತಿದ್ದಳು.

ವಾಯಿದೆ ಮುಂದೆ ಹೋಗುತ್ತಾ ಹೋಗುತ್ತಾ ಬಹಳ ದಿನ ಹಿಡಿಯಿತು. ಬಳ್ಳಾರಿ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೆ ಸೇರಬೇಕೋ ಎಂದು ಊರೆಲ್ಲ ಜಗಳವಾಡುತ್ತಿದ್ದ ಕಾಲ. ಕೋರ್ಟಿನ ಅಂಗಳದಲ್ಲೂ ಅದೇ ಮಾತು. ಇಡೀ ಜಿಲ್ಲೆ ಯಾರದು ಎಂದು ಗೊತ್ತಿಲ್ಲದವರು ನಮ್ಮ ಮನೆ ಯಾರದು ಎಂದು ಹೇಳುತ್ತಾರಂತೆ ಎಂದು ನಾನು ಗೊಣಗಿದೆ. ಬೇವಿನ ಮರದ ಕೆಳಗೆ ಕೊಟ್ಟೂರಪ್ಪ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಅವನ ಹಿಂದೆ ತೌಡಪ್ಪ. ನಮ್ಮನ್ನು ಕಂಡು ತಲೆ ತಗ್ಗಿಸಿದ.

ಕಟಕಟೆಯಲ್ಲಿ ಅಕ್ಕ ಸೆರಗು ಹೊದ್ದು ನಿಂತಳು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. ಅವರು ಹೇಳಿದ್ದನ್ನೆಲ್ಲ ಹೇಳಿದಳು. ದನಿ ಮೆಲ್ಲಗಿತ್ತು. ಜಡ್ಜರು ವಯಸ್ಸಾದವರು. ತಾವೇ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು.

‘ಎರ್ರಿಸ್ವಾಮಿ ನಿಮಗೆ ಯಾವಾಗಿನಿಂದ ಗೊತ್ತು?’ ನಮ್ಮ ವಕೀಲರು ಕೇಳಿದರು.

‘ಹುಟ್ಟಿದಾಗಿಂದ್ರಿ.’

‘ಒಂದು ಮೊರ ತೌಡು ಕೊಟ್ಟು ಅವನನ್ನು ಕೊಂಡವರು ನೀವೇ?’

‘ಹ್ಞೂಂ.’

‘ಅವನು ಅವನ ತಾಯಿಯ ಮೊದಲನೆಯ ಗಂಡುಮಗು?’

ಅಕ್ಕ ಸ್ವಲ್ಪ ತಡೆದು ‘ಹ್ಞೂಂ’ ಅಂದಳು. ಆ ಕಡೆಯ ವಕೀಲ ಎದ್ದು ನಿಂತ, ಜಡ್ಜರು ಕೂರಿಸಿದರು. ಇನ್ನೊಂದೇ ಪ್ರಶ್ನೆ ಉಳಿದಿತ್ತು.

‘ಆಗ ನಿಮಗೆ ಒಬ್ಬ ಮಗ ಮಾತ್ರ ಇದ್ದ. ಬೇರೆ ಮಕ್ಕಳು ಹುಟ್ಟಿರಲಿಲ್ಲ. ಸರಿಯೇ?’

ವಕೀಲರು ಮತ್ತೆ ಕೇಳಿದರು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡು ಕಣ್ಣಿನಲ್ಲೇ ಅವಳಿಗೆ ಹೇಳುತ್ತಿದ್ದೆ, ಅನ್ನೇ, ಒಂದು ಹ್ಞೂಂ ಅನ್ನೇ, ಜೀವಮಾನವೆಲ್ಲ ಅಂದದ್ದನ್ನು ಇನ್ನೊಂದು ಸಲ ಅನ್ನೇ.

‘ಇಲ್ರಿ’ ಅಂದಳು. ‘ಮಗಳಿದ್ಲು.’

ಜಡ್ಜರು ತಲೆ ಎತ್ತಿದರು. ವಕೀಲರು ಗಾಬರಿಯಾಗಿ, ‘ಸರಿಯಾಗಿ ನೆನಪು ಮಾಡಿಕೊಳ್ಳಿ’ ಅಂದರು.

‘ನೆ‌ನಪೈತ್ರಿ. ಆ ದಿನ ಅಕಿ ನನ್ನ ಎದಿಮ್ಯಾಲಿದ್ಲು. ಮೊರದಾಗಿನ ಕೂಸು ಅಳಾಕತ್ತಿತ್ತು. ಕೊಂಡಾಕಿ ಹಾಲು ಕೊಡಬೇಕು ಅಂದ್ರು. ಅಕಿನ್ನ ಈ ಕಡೆ ಇಟಗೊಂಡು ಇವನ್ನ ಆ ಕಡೆ ಇಟಗೊಂಡೆ. ಅಕಿಗೆ ಹಲ್ಲು ಬರಾಕತ್ತಿದ್ವು, ಕಚ್ಚತಿದ್ಲು. ಕುಡಿಯೋದು ಬಿಟ್ಟು ಇವನ ತಲಿಮ್ಯಾಗಿನ ಕೂದ್ಲ ಹಿಡಕೊಂಡು ಎಳೀತಿದ್ಲು. ನಾ ಅಕಿ ಕೈ ಬಿಡಸ್ತಿದ್ದೆ. ಮತ್ತ ಹಿಡಕೊಂತಿದ್ಲು.’

ಅಷ್ಟು ಮಾತು ಅವಳ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅಳು ಇಲ್ಲ, ನಡುಕ ಇಲ್ಲ. ಬಜ್ಜಿಗೆ ಹಿಟ್ಟು ಎಷ್ಟು ಹಾಕಬೇಕು ಎಂದು ಹೇಳುವ ದನಿಯಲ್ಲೇ ಹೇಳಿದಳು. ಜಡ್ಜರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

‘ಆ ಹುಡುಗಿ ಹುಟ್ಟಿದ್ದು ಯಾವ ವರ್ಷ?’ ಅವರೇ ಕೇಳಿದರು.

‘ಉಪ್ಪಿನ ಸತ್ಯಾಗ್ರಹ ಆತಲ್ರಿ, ಆ ವರ್ಷ. ತವರಾಗ ಹಡದೆ. ನಮ್ಮಪ್ಪ ಗಂಜಿಗೆ ಹಾಕೋ ಉಪ್ಪನ್ನ ಕೈಯಾಗ ಹಿಡಕೊಂಡು, ಇದಕ್ಕ ಇಷ್ಟು ಗಲಾಟಿ ಆಗಾಕತ್ತೈತಿ ನೋಡು ಅಂದಿದ್ದ.’

ಕೋರ್ಟಿನಲ್ಲಿ ಕುಳಿತ ಎಲ್ಲರಿಗೂ ಆ ವರ್ಷ ಗೊತ್ತಿತ್ತು. ಅಲ್ಲಿಂದ ಮನೆ ಮಾರಿದ ವರ್ಷಕ್ಕೆ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ತೌಡಪ್ಪನಿಗೆ ಆಗ ಹದಿನೈದು. ಕೊಟ್ಟೂರಪ್ಪನ ವಕೀಲ ತನಗೆ ಕೇಳಲು ಏನೂ ಇಲ್ಲ ಅಂದ. ನಮ್ಮ ವಕೀಲರು ಕಾಗದ ಕೂಡಿಸಿಕೊಂಡು ಕುಳಿತುಬಿಟ್ಟರು. ನನಗೆ ಸಿಟ್ಟೂ ಬರಲಿಲ್ಲ.

‘ಹುಡುಗಿಯ ಹೆಸರು?’ ಜಡ್ಜರು ಮತ್ತೆ ಲೇಖನಿ ಎತ್ತಿಕೊಂಡರು.

‘ಉಚ್ಚೆಂಗೆಮ್ಮ.’

ಬರೆದುಕೊಂಡರು. ಸಾಕ್ಷಿ ಮುಗಿದ ಮೇಲೆ, ಬರೆದದ್ದನ್ನು ಹೇಳಿದವರಿಗೆ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳುವ ಪದ್ಧತಿ. ಗುಮಾಸ್ತ ಇಂಗ್ಲಿಷನ್ನು ಕನ್ನಡ ಮಾಡುತ್ತಾ ಅವಸರದಲ್ಲಿ ಓದಿದ. ‘ಅಂದು ನನಗೆ ಒಬ್ಬ ಮಗ, ಒಬ್ಬ ಮಗಳು ಇದ್ದರು. ಮಗಳ ಹೆಸರು ಉಚ್ಚೆಂಗೆಮ್ಮ.’ ಅಕ್ಕ ಕೈ ಎತ್ತಿ ಅವನನ್ನು ತಡೆದಳು.

‘ಅದನ್ನ ಇನ್ನೊಮ್ಮೆ ಓದ್ರಿ.’

ತಪ್ಪು ಏನಾದರೂ ಇದೆಯೇ ಎಂದು ಅವನು ಕೇಳಿದ. ಇಲ್ಲ ಅಂದಳು. ಅವನು ಜಡ್ಜರ ಮುಖ ನೋಡಿದ. ಅವರು ಓದು ಎಂದು ಸನ್ನೆ ಮಾಡಿದರು. ಅವನು ಮತ್ತೆ ಓದಿದ. ಅಕ್ಕ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದಾಗ ತೌಡಪ್ಪ ಬೇವಿನ ಮರ ಬಿಟ್ಟು ನಮ್ಮ ಹತ್ತಿರ ಬಂದ. ಸಾಹುಕಾರ ಗೆದ್ದ ಖುಷಿಯಲ್ಲಿ ಎಲ್ಲೋ ಹೋಗಿದ್ದ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ‘ಲೇ, ಅಕಿ ಹಾಲು ಕುಡದು ಅಕಿ ಬಾಗಿಲಿಗೆ ಕಲ್ಲು ಹಾಕಿದೆಲ್ಲೋ! ನಿನ್ನ ತೌಡಿಗೆ ಕೊಂಡದ್ದು ತುಟ್ಟಿ ಆತಲ್ಲೋ!’ ಅವನು ನನ್ನ ಕಡೆ ನೋಡಲೇ ಇಲ್ಲ.

‘ಅವ್ವಾ, ನಿನಗ ಮಗಳಿದ್ಲಂತ ನನಗ ಯಾರೂ ಹೇಳಿದ್ದಿಲ್ಲ’ ಅಂದ.

ಅಕ್ಕ ಅವನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದಳು. ‘ನಿನ್ನಷ್ಟ ಇರ್ತಿದ್ಲು’ ಅಂದಳು. ಆಮೇಲೆ ಬಸ್ಸಿನ ಕಡೆ ನಡೆದಳು.

ತೀರ್ಪು ಬೇಸಿಗೆಗೆ ಬಂತು. ಕ್ರಯಪತ್ರ ಮೊದಲಿನಿಂದಲೂ ಇಲ್ಲದಂತೆ, ಮನೆ ಕೊಟ್ಟೂರಪ್ಪನದು. ಮೇಲಿನ ಕೋರ್ಟಿಗೆ ಹೋಗೋಣ ಎಂದು ನನ್ನ ಗಂಡ ಅಂದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತಾರೆ. ಅಕ್ಕ ಮೊದಲ ಸಲ ಬಾಯಿಬಿಟ್ಟು ‘ಬ್ಯಾಡ’ ಅಂದಳು. ಒಲೆಯ ಕಲ್ಲುಗಳನ್ನು ಅಲ್ಲೇ ಬಿಟ್ಟು, ಬಾಣಲೆ, ಜಾಲರಿ, ಹಾಸಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಮ್ಮದೂ ತುಂಬಿದ ಮನೆ. ಅವಳಿಗೆ ಕೊಟ್ಟದ್ದು ಧಾನ್ಯದ ಕೋಣೆ. ಅದಕ್ಕೆ ಅಗಳಿ ಇರಲಿಲ್ಲ. ಹಾಕಿಸಿಕೊಡುತ್ತೇನೆ ಅಂದೆ, ಬೇಡ ಅಂದಳು.

ಆ ಮನೆಯ ಜಾಗದಲ್ಲಿ ಕೊಟ್ಟೂರಪ್ಪನ ಅಂಗಡಿ ಎದ್ದಿತು. ಅಕ್ಕ ಅದರ ಮುಂದೆಯೇ ನೀರಿಗೆ ಹೋಗುತ್ತಾ ಬರುತ್ತಾ ಇದ್ದಳು. ಒಂದು ದಿನವೂ ಆ ಕಡೆ ತಿರುಗಲಿಲ್ಲ, ಒಂದು ದಿನವೂ ಮನೆಯ ಮಾತು ಎತ್ತಲಿಲ್ಲ. ನನಗೇ ತಡೆಯದೆ ಒಮ್ಮೆ ರೊಟ್ಟಿ ಬಡಿಯುತ್ತಾ ಕೇಳಿಬಿಟ್ಟೆ. ‘ಒಂದು ಹ್ಞೂಂ ಅಂದಿದ್ರ ಮನಿ ಉಳೀತಿತ್ತಲ್ಲಕ್ಕಾ.’

ಅವಳು ಒಲೆಯ ಕಟ್ಟಿಗೆ ಮುಂದೆ ತಳ್ಳಿದಳು. ಆಮೇಲೆ ಅವಳೇ ಕೇಳಿದಳು.

‘ಚನ್ನೀ, ಅವತ್ತು ಬರಕೊಂಡ್ರಲ್ಲ, ಆ ಕಾಗದ ಬಳ್ಳಾರ್ಯಾಗ ಇರ್ತೈತೇನು?’

‘ಇರ್ತೈತಿ. ಕೋರ್ಟಿನವರು ಕಟ್ಟಿ ಇಡ್ತಾರ.’

‘ಸುಡೂದಿಲ್ಲಲ್ಲ?’

‘ಯಾಕ ಸುಡ್ತಾರ?’

‘ಹಂಗಾದ್ರ ಇರ್ಲಿ ಬಿಡು’ ಅಂದು ರೊಟ್ಟಿ ಬೇಯಿಸಲು ಹಂಚನ್ನು ತನ್ನ ಕಡೆ ಎಳೆದುಕೊಂಡಳು.